ಕಿಟಕಿ ತೆಗೆಯೋದೋ, ಮುಚ್ಚೋದೋ? - ಒಂದು ಕೆಮ್ಮಿನ ಚರಿತ್ರೆ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಜಗಳ ಖಾಯಂ. ಒಬ್ಬರು "ಕಿಟಕಿ ಹಾಕ್ರೋ, ಥಂಡಿ ಗಾಳಿ ಬರ್ತಿದೆ, ಮಗೂಗೆ ಶೀತ ಆಗುತ್ತೆ" ಅಂತಾರೆ. ಇನ್ನೊಬ್ಬರು "ತೆಗೀರಪ್ಪಾ, ಒಳಗೆ ಉಸಿರು ಕಟ್ತಿದೆ" ಅಂತಾರೆ. ಮೂರನೆಯವರು ಸೊಳ್ಳೆಯ ವಿಷಯ ಎತ್ತುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು, ಕಿಟಕಿ ಮುಚ್ಚಿತು :-)

ಈ ಜಗಳಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ ಅಂದರೆ ನಂಬುತ್ತೀರಾ? ನಮ್ಮ ಮನೆಯಲ್ಲಷ್ಟೇ ಅಲ್ಲ, ಬರ್ಲಿನ್, ನ್ಯೂಯಾರ್ಕ್, ಮದ್ರಾಸುಗಳಲ್ಲೂ ದೊಡ್ಡ ದೊಡ್ಡ ವೈದ್ಯರು ಇದೇ ಜಗಳ ಆಡಿದ್ದಾರೆ. "ಎಲ್ಲೆಂದರಲ್ಲಿ ಉಗುಳಬೇಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಕೈ ತೊಳೆಯಿರಿ, ಮನೆಗೆ ಗಾಳಿ ಬೆಳಕು ಬರಲಿ" - ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿರುತ್ತಿದ್ದ ಈ ನಾಲ್ಕು ಮಾತುಗಳನ್ನು ನಾವೆಲ್ಲ ಓದಿ ಮರೆತವರೇ. ಎಲ್ಲವೂ ಒಂದೇ ಸಲ ಒಬ್ಬನೇ ಜಾಣ ಬರೆದಿಟ್ಟ ಪಟ್ಟಿ ಅನ್ನಿಸುತ್ತದೆ. ಹಾಗೇನಿಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ ಬಂತು. ತಮಾಷೆಯೆಂದರೆ, ಹೊಸದೊಂದು ಬಂದಾಗಲೆಲ್ಲ ಅದು ಹಳೆಯದೊಂದನ್ನು ಬಾಗಿಲಾಚೆ ದಬ್ಬಿತು. ಹಾಗೆ ದಬ್ಬಿಸಿಕೊಂಡದ್ದರಲ್ಲಿ ಗಾಳಿಯೂ ಒಂದು. ಅದು ಮತ್ತೆ ಒಳಗೆ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ನಡುವೆ ಎಷ್ಟು ಜೀವ ಹೋದವೋ ಲೆಕ್ಕವಿಲ್ಲ.

ಮೊದಲು ಎಲ್ಲ ತಪ್ಪೂ ಗಾಳಿಯದೇ

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಯುರೋಪಿನ ವೈದ್ಯರಿಗೆ ಯಾವ ರೋಗ ಬಂದರೂ ಅಪರಾಧಿ ಒಬ್ಬನೇ: ಕೆಟ್ಟ ಗಾಳಿ. ಕೊಳೆತ ಕಸ, ಚರಂಡಿ, ಕೆರೆಯ ಕೆಸರು ಇವುಗಳಿಂದ ಏಳುವ ದುರ್ವಾಸನೆಯೇ ರೋಗ ಅಂತ ನಂಬಿಕೆ. 'ಮಲೇರಿಯಾ' ಅನ್ನುವ ಹೆಸರಿನ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ 'ಕೆಟ್ಟ ಗಾಳಿ' ಅಂತ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ಎಲ್ಲಕ್ಕಿಂತ ಮೊದಲು ಹೇಳಿದ ಮಾತು, ರೋಗಿ ಇರುವ ಕೋಣೆಯ ಗಾಳಿ ಹೊರಗಿನ ಗಾಳಿಯಷ್ಟೇ ಶುದ್ಧವಾಗಿರಬೇಕು, ಆದರೆ ರೋಗಿಗೆ ಚಳಿಯಾಗಬಾರದು ಅನ್ನುವುದು. ಕಿಟಕಿ ತೆಗೆದು ಕಂಬಳಿ ಹೊದೆಸಿ ಅಂದ ಹಾಗಾಯಿತು. ನಮ್ಮ ಮನೆಯ ಜಗಳ ಆಕೆಯ ಕೈಗೆ ಸಿಕ್ಕಿದ್ದರೆ ಒಂದೇ ನಿಮಿಷದಲ್ಲಿ ತೀರ್ಮಾನ ಆಗುತ್ತಿತ್ತು!

ಆಕೆಯ ಕಾರಣ ಸರಿಯಿರಲಿಲ್ಲ. ರೋಗಾಣು ಅಂತ ಒಂದಿದೆ, ಅದೇ ರೋಗ ತರುತ್ತದೆ ಅನ್ನುವುದು ಆಗಿನ್ನೂ ಸ್ಥಾಪಿತವಾಗಿರಲಿಲ್ಲ. ಆದರೆ ಸಲಹೆ ಮಾತ್ರ ಬಂಗಾರದಂಥದ್ದು.

ಉಗುಳಿನ ಮೇಲೆ ಯುದ್ಧ

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕೋಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಎಲ್ಲರೆದುರು ತೋರಿಸಿದ. ಸಾಯುವ ಏಳು ಜನರಲ್ಲಿ ಒಬ್ಬರು ಕ್ಷಯದಿಂದಲೇ ಸಾಯುತ್ತಾರೆ ಅಂತ ಆತ ಅಂದೇ ಹೇಳಿದ್ದ. ಅಲ್ಲಿಯವರೆಗೆ ಅದು ವಂಶಪಾರಂಪರ್ಯ, ಹಣೆಬರಹ, ಕವಿಗಳಿಗೆ ಬರುವ ಕಾಯಿಲೆ... ಏನೇನೋ ಆಗಿತ್ತು. ಈಗ ಕಣ್ಣಿಗೆ ಕಾಣುವ ಶತ್ರು ಸಿಕ್ಕಿದ. ಅವನು ಇರುವುದೆಲ್ಲಿ? ಕಫದಲ್ಲಿ.

ಕೋಕ್‌ನ ಜೊತೆಗಾರ ಗೇಯೋರ್ಗ್ ಕಾರ್ನೆಟ್ ರೋಗಿಗಳ ಕೋಣೆಗಳ ಧೂಳನ್ನು ಗುಡಿಸಿ ತಂದು ಗಿನಿಪಿಗ್‌ಗಳಿಗೆ ಚುಚ್ಚಿ ನೋಡಿದ. ರೋಗಿ ನೆಲಕ್ಕೋ ಕರವಸ್ತ್ರಕ್ಕೋ ಉಗುಳುತ್ತಿದ್ದ ಕಡೆಯ ಧೂಳಿನಿಂದ ಅವಕ್ಕೆ ಕ್ಷಯ ಬಂತು. ಕಫ ಒಣಗಿ ಧೂಳಾಗಿ ಎದ್ದು ಮೂಗಿಗೆ ಸೇರುತ್ತದೆ, ಅದೇ ದಾರಿ ಅಂತ ಕಾರ್ನೆಟ್ ಸಾರಿದ. ಅದೇ 1889ರಲ್ಲಿ ಪೀಟರ್ ಡೆಟ್ವೈಲರ್ ಅನ್ನುವ ಜರ್ಮನ್ ವೈದ್ಯ ಜೇಬಿನಲ್ಲಿಟ್ಟುಕೊಳ್ಳುವ ನೀಲಿ ಗಾಜಿನ ಪುಟ್ಟ ಉಗುಳುಬಾಟಲಿ ತಂದ. ಜನ ಅದಕ್ಕೆ 'ನೀಲಿ ಹೆನ್ರಿ' ಅಂತ ಅಡ್ಡಹೆಸರಿಟ್ಟರು. ನಮ್ಮ ಎಲೆಅಡಿಕೆಯ ಪೀಕದಾನಿಗೆ ಒಬ್ಬ ಜರ್ಮನ್ ನೆಂಟ ಅನ್ನಿ.

1896ರಲ್ಲಿ ನ್ಯೂಯಾರ್ಕ್ ನಗರ ಸಾರ್ವಜನಿಕ ಸ್ಥಳದಲ್ಲಿ ಉಗುಳುವುದನ್ನು ಕಾನೂನಿನಿಂದಲೇ ನಿಷೇಧಿಸಿತು. ಬೇರೆ ಊರುಗಳೂ ಹಿಂಬಾಲಿಸಿದವು. ನೆಲ ಗುಡಿಸುವ ಉದ್ದ ಲಂಗಗಳು ಬೀದಿಯ ಉಗುಳನ್ನು ಮನೆಯೊಳಗೆ ತರುತ್ತವೆ ಅಂತ ವೈದ್ಯರು ಹೆದರಿಸಿದ್ದರಿಂದ ಅಮೆರಿಕದ ಹೆಂಗಸರ ಲಂಗ ಒಂದೆರಡು ಅಂಗುಲ ಮೇಲಕ್ಕೇರಿತು ಅನ್ನುವ ಮಾತೂ ಇದೆ.

ಒಳ್ಳೆಯದೇ ಆಯಿತು, ಉಗುಳುವುದು ಕಡಿಮೆ ಆಯಿತು. ಆದರೆ ಜೊತೆಗೇ ಇನ್ನೊಂದು ಬಂತು. ಕ್ಷಯ ಬಂದವನು 'ಪಾಪ' ಅನ್ನಿಸಿಕೊಳ್ಳುವುದು ಹೋಗಿ 'ಕೊಳಕ' ಅನ್ನಿಸಿಕೊಂಡ. ಬಡವರು, ವಲಸೆ ಬಂದವರು ಗಲೀಜು, ಅವರಿಂದಲೇ ರೋಗ ಅನ್ನುವ ಮಾತು ಕಾನೂನಿನ ಬೆನ್ನಿಗೇ ಹುಟ್ಟಿತು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗಬೇಕಾದ ಮನೆಯನ್ನು ಯಾರೂ ಬೈಯಲಿಲ್ಲ, ಮಲಗಿದವರನ್ನು ಬೈದರು. ಈ ಚಾಳಿ ಮುಂದೆಯೂ ಬಿಡಲಿಲ್ಲ.

ಬಾಯಿಂದ ಹಾರುವ ಹನಿ

ಕಾರ್ನೆಟ್‌ನ ಧೂಳಿನ ಕಥೆಯನ್ನು ಒಪ್ಪದ ಒಬ್ಬನಿದ್ದ, ಬ್ರೆಸ್ಲೌ ಊರಿನ ಕಾರ್ಲ್ ಫ್ಲ್ಯೂಗೆ (ಆ ಊರು ಈಗ ಪೋಲೆಂಡಿನ ವ್ರೊತ್ಸ್ವಾಫ್). 1897ರ ಸುಮಾರಿಗೆ ಆತ ಮಾಡಿದ ಪ್ರಯೋಗ ಬಹಳ ಸರಳ. ಕೆಂಪು ಚುಕ್ಕೆಗಳಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಇದೆ. ಅದನ್ನು ಬಾಯಿಗೆ ಹಾಕಿಕೊಂಡು ಮಾತಾಡಿ, ಕೆಮ್ಮಿ ಅಂದ. ಕೋಣೆಯಲ್ಲಿ ಅಲ್ಲಲ್ಲಿ ತಟ್ಟೆಗಳನ್ನು ಇಟ್ಟ. ದೂರದ ತಟ್ಟೆಗಳಲ್ಲೂ ಕೆಂಪು ಚುಕ್ಕೆ ಎದ್ದವು! ಉಗುಳಬೇಕಾಗಿಯೇ ಇಲ್ಲ, ಬರೀ ಮಾತಾಡಿದರೂ ಬಾಯಿಂದ ಹನಿ ಹಾರುತ್ತದೆ ಅಂತ ಗೊತ್ತಾಯಿತು.

ಅದೇ ಊರಿನ ಶಸ್ತ್ರವೈದ್ಯ ಮಿಕುಲಿಚ್ 1897ರಲ್ಲೇ ಬಾಯಿಗೆ ತೆಳು ಬಟ್ಟೆ ಕಟ್ಟಿಕೊಂಡು ಆಪರೇಷನ್ ಮಾಡಲು ಶುರುಮಾಡಿದ. ಇವತ್ತಿನ ಮಾಸ್ಕಿನ ಮೂಲಪುರುಷರಲ್ಲಿ ಅದೂ ಒಂದು. ಕೆಮ್ಮುವಾಗ ಬಾಯಿ ಮುಚ್ಚಿಕೋ ಅನ್ನುವ ಅಮ್ಮನ ಗದರಿಕೆಗೆ ಪ್ರಯೋಗಶಾಲೆಯ ಬಲ ಸಿಕ್ಕಿದ್ದು ಇಲ್ಲಿ.

ಆದರೆ ಮುಂದಿನವರು ಫ್ಲ್ಯೂಗೆ ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಇಟ್ಟುಕೊಂಡರು. ದೊಡ್ಡ ಹನಿ ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ, ಅಷ್ಟು ದೂರ ನಿಂತರೆ ಸಾಕು ಅನ್ನುವುದಷ್ಟೇ ಉಳಿಯಿತು. ತೇಲುವ ಸಣ್ಣ ಹನಿಗಳ ಮಾತು ಮರೆಗೆ ಸರಿಯಿತು.

ಲೋಟ, ಎಂಜಲು ಮತ್ತು ಮಡಿ

ಆಗ ಅಮೆರಿಕದ ರೈಲು, ಶಾಲೆಗಳಲ್ಲಿ ನೀರಿನ ಪೀಪಾಯಿಗೆ ಸರಪಳಿಯಲ್ಲಿ ಒಂದು ಲೋಟ ಕಟ್ಟಿರುತ್ತಿತ್ತು. ಎಲ್ಲರೂ ಅದೇ ಲೋಟವನ್ನು ಕಚ್ಚಿ ಕುಡಿಯುವುದು. ಕ್ಯಾನ್ಸಸ್ ರಾಜ್ಯದ ಆರೋಗ್ಯಾಧಿಕಾರಿ ಸ್ಯಾಮ್ಯುಯೆಲ್ ಕ್ರಂಬೈನ್ ಹಟ ಹಿಡಿದು 1909ರಲ್ಲಿ ಇದನ್ನು ನಿಲ್ಲಿಸಿದ. ಕಾಗದದ ಲೋಟದ ವ್ಯಾಪಾರ ಕುದುರಿದ್ದು ಆ ಕಾಲದಲ್ಲಿ.

ಇಲ್ಲಿ ನಮ್ಮವರು ಎದೆಯುಬ್ಬಿಸುತ್ತಾರೆ. "ನೋಡಿ, ನಾವು ಮೊದಲಿಂದಲೂ ಚೊಂಬು ಕಚ್ಚದೆ ಎತ್ತಿ ಕುಡಿಯುವವರು, ಎಂಜಲು ಅಂದರೆ ನಮಗೆ ಆಗದು." ನಿಜ, ಎತ್ತಿ ಕುಡಿಯುವುದು ಒಳ್ಳೆಯ ಅಭ್ಯಾಸ. ಹೊರಗಿಂದ ಬಂದವರು ಕಾಲು ತೊಳೆದು ಒಳಗೆ ಬರುವುದೂ ಒಳ್ಳೆಯದೇ. ಆದರೆ ಮಡಿಯನ್ನು ಆರೋಗ್ಯಶಾಸ್ತ್ರ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ರೋಗಾಣುವಿಗೆ ಜಾತಿ ಗೊತ್ತಿಲ್ಲ. ಹೋಟೆಲಿನ ಹೊರಗೆ ಕೆಲವರಿಗೆಂದೇ ಬೇರೆ ಲೋಟ ತೂಗುಹಾಕಿದ್ದು ಯಾವ ಕಾಯಿಲೆಯನ್ನೂ ತಡೆಯಲಿಕ್ಕಲ್ಲ. ಮನೆಯೊಳಗೆ ಕೆಮ್ಮುತ್ತಿದ್ದ ಯಜಮಾನರು ಎಷ್ಟೇ ಮಡಿಯಲ್ಲಿದ್ದರೂ ಪಕ್ಕದಲ್ಲಿ ಆಡುತ್ತಿದ್ದ ಮೊಮ್ಮಗುವಿಗೆ ಕ್ಷಯ ಹರಡುವುದು ತಪ್ಪುತ್ತಿರಲಿಲ್ಲ. ಶುಚಿಯ ಹೆಸರಿನಲ್ಲಿ ಮನುಷ್ಯರನ್ನು ದೂರ ಇಡುವ ಚಾಳಿ ನ್ಯೂಯಾರ್ಕಿನಲ್ಲೂ ಇತ್ತು, ನಮ್ಮಲ್ಲಿ ಇನ್ನೂ ಹಳೆಯದು, ಅಷ್ಟೇ.

ಕೈಗೆ ಪಟ್ಟಾಭಿಷೇಕ, ಗಾಳಿಗೆ ವನವಾಸ

ಈಗ ಕಥೆಯ ಮುಖ್ಯ ತಿರುವು. ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ ಚಾರ್ಲ್ಸ್ ಚಾಪಿನ್ 1910ರಲ್ಲಿ ಸೋಂಕಿನ ಮೂಲ ಮತ್ತು ದಾರಿಗಳ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ರೋಗ ಹರಡುವುದು ಮುಟ್ಟುವುದರಿಂದ, ಕೈಯಿಂದ, ಹತ್ತಿರದ ಹನಿಯಿಂದ. ಗಾಳಿಯಲ್ಲಿ ತೇಲಿ ಬರುವುದು ಅಪರೂಪ. ಇದು ಅವನ ವಾದ. ಚಾಪಿನ್ ದಡ್ಡನಲ್ಲ, ಬಹಳ ತಿಳಿದವನು. ಆದರೆ ಅವನಿಗೊಂದು ಚಿಂತೆ ಇತ್ತು: ಜನ ಗಾಳಿಗೇ ಹೆದರುತ್ತಾ ಕೂತರೆ ಕೈ ತೊಳೆಯಿರಿ ಅನ್ನುವ ಮಾತನ್ನು ಯಾರು ಕೇಳುತ್ತಾರೆ? ಗಾಳಿಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಏನು ಮಾಡಿದರೂ ಅಷ್ಟೇ ಅಂತ ಸುಮ್ಮನಾಗುತ್ತಾರೆ. ಹಾಗಾಗಿ ಗಾಳಿಯ ಭಯವನ್ನು ಬೇರುಸಹಿತ ಕೀಳಬೇಕು ಅಂತ ಹೊರಟ.

ಉದ್ದೇಶ ಒಳ್ಳೆಯದೇ. ಕೈಗೆ ಸಿಗಬೇಕಾದ ಮರ್ಯಾದೆ ಸಿಕ್ಕಿತು. ಆದರೆ ಅದರ ಜೊತೆಗೆ "ಗಾಳಿಯ ಮಾತು ಹಳೇ ಮೂಢನಂಬಿಕೆ" ಅನ್ನುವುದೂ ವೈದ್ಯರ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಎಂಟೇ ವರ್ಷಕ್ಕೆ 1918ರ ಇನ್‌ಫ್ಲುಯೆಂಜಾ ಬಂತು. ನಮ್ಮ ದೇಶಕ್ಕೆ ಅದು ಕಾಲಿಟ್ಟಿದ್ದು ಬೊಂಬಾಯಿ ಬಂದರಿನಿಂದ. ಭಾರತದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಎರಡು ಕೋಟಿಯವರೆಗೆ ಅಂತ ಅಂದಾಜುಗಳಿವೆ. ಜನಗಣತಿ ಶುರುವಾದ ಮೇಲೆ ಭಾರತದ ಜನಸಂಖ್ಯೆ ಏರುವ ಬದಲು ಇಳಿದದ್ದು ಒಂದೇ ದಶಕದಲ್ಲಿ, 1911ರಿಂದ 1921. ಹಸಿವು, ಬರ, ಇಕ್ಕಟ್ಟಾದ ಮನೆ ಎಲ್ಲ ಸೇರಿದಾಗ ಒಂದು ಜ್ವರ ಏನು ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮದ್ರಾಸಿನ ಮನೆಗಳು, ತುಮಕೂರಿನ ಹಳ್ಳಿಗಳು

ಗಾಳಿಯನ್ನು ಪೂರ್ತಿ ಕೈಬಿಡದವರು ಒಬ್ಬರಿದ್ದರು: ಕ್ಷಯದ ಸ್ಯಾನಟೋರಿಯಂಗಳವರು. ಮದನಪಲ್ಲಿ ಹತ್ತಿರದ ಆರೋಗ್ಯವರಂ 1915ರಲ್ಲಿ ಶುರುವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಸ್ಯಾನಟೋರಿಯಂ ಮೈಸೂರಿನವರಿಗೆಲ್ಲ ಗೊತ್ತು. ಅರಮನೆಯನ್ನೂ ಬಿಡದ ಕಾಯಿಲೆ ಅದು. ಬಯಲು, ಮರ, ತೆರೆದ ವರಾಂಡಾ, ಹಾಲು ಮೊಟ್ಟೆ, ವಿಶ್ರಾಂತಿ - ಇದೇ ಚಿಕಿತ್ಸೆ. ಆದರೆ ಇಡೀ ದೇಶದ ರೋಗಿಗಳಿಗೆ ಅಷ್ಟು ಹಾಸಿಗೆ ಎಲ್ಲಿಂದ ಬರಬೇಕು?

ಔಷಧಿ ಬಂದ ಮೇಲೆ 1956ರಲ್ಲಿ ಮದ್ರಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ಅರ್ಧ ರೋಗಿಗಳು ಸ್ಯಾನಟೋರಿಯಂನಲ್ಲಿ, ಇನ್ನರ್ಧ ತಮ್ಮ ಇಕ್ಕಟ್ಟಿನ ಮನೆಗಳಲ್ಲೇ. ಇಬ್ಬರಿಗೂ ಒಂದೇ ಮಾತ್ರೆ, ಒಂದು ವರ್ಷ. ಸ್ಯಾನಟೋರಿಯಂನವರಿಗೆ ಊಟ, ವಿಶ್ರಾಂತಿ ಎಲ್ಲ ಹೆಚ್ಚು. 1959ರಲ್ಲಿ ಫಲಿತಾಂಶ ಬಂದಾಗ ಪ್ರಪಂಚವೇ ಹುಬ್ಬೇರಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು! ಅವರ ಮನೆಯವರನ್ನು ವರ್ಷಗಟ್ಟಲೆ ಗಮನಿಸಿದಾಗ, ರೋಗಿ ಜೊತೆಯಲ್ಲೇ ಇದ್ದ ಕಾರಣಕ್ಕೆ ಅವರಿಗೆ ಹೆಚ್ಚು ಕ್ಷಯ ಬಂದಿರಲಿಲ್ಲ. ಹರಡುವುದೆಲ್ಲ ಬಹುಪಾಲು ಔಷಧಿ ಶುರುವಾಗುವ ಮೊದಲೇ ಹರಡಿರುತ್ತದೆ.

ಅಂದರೆ ಕೆಮ್ಮು ಶುರುವಾದ ದಿನಕ್ಕೂ ಮಾತ್ರೆ ನುಂಗಿದ ದಿನಕ್ಕೂ ನಡುವಿನ ಅಂತರವೇ ಮನೆಯವರಿಗೆ ಅಪಾಯ. ಆ ಅಂತರ ಉದ್ದವಾಗುವುದಕ್ಕೆ ಹಳ್ಳಿಯವರ ಅಜ್ಞಾನವೇ ಕಾರಣ ಅಂತ ಆಗ ಎಲ್ಲರ ನಂಬಿಕೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕೇಳಿದರು. 1963ರಲ್ಲಿ ಅವರು ಪ್ರಕಟಿಸಿದ್ದು ಬೇರೆಯೇ ಕಥೆ. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಆಸ್ಪತ್ರೆಯಲ್ಲಿ ಸಿಕ್ಕಿದ್ದೇನು? ಒಂದು ಬಾಟಲಿ ಕೆಮ್ಮಿನ ಔಷಧಿ! ಕಫ ಪರೀಕ್ಷೆ ಮಾಡದೆ ಮನೆಗೆ ಕಳಿಸಿದ್ದರು. ಮತ್ತೆ ಅದೇ ಚಾಳಿ ನೋಡಿ, ತಪ್ಪು ಎಲ್ಲೋ, ಬೈಗುಳ ಯಾರಿಗೋ.

ಮಹಡಿಯ ಮೇಲಿನ ಗಿನಿಪಿಗ್‌ಗಳು

ಗಾಳಿಯ ಪರವಾಗಿ ಒಬ್ಬಂಟಿಯಾಗಿ ವಾದಿಸಿದವನು ಅಮೆರಿಕದ ಎಂಜಿನಿಯರ್ ವಿಲಿಯಂ ವೆಲ್ಸ್. 1934ರಲ್ಲೇ ಆತ ಹೇಳಿದ್ದು ಇಷ್ಟು: ದೊಡ್ಡ ಹನಿ ಬೇಗ ನೆಲಕ್ಕೆ ಬೀಳುತ್ತದೆ, ಸರಿ. ಸಣ್ಣ ಹನಿ ಬೀಳುವುದರೊಳಗೇ ಅದರ ನೀರು ಆರಿಹೋಗುತ್ತದೆ. ಉಳಿದ ಕಣ ಅಗರಬತ್ತಿಯ ಹೊಗೆಯಂತೆ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಕೆಮ್ಮಿದವನು ಎದ್ದು ಹೋದ ಮೇಲೂ ಅದು ಅಲ್ಲೇ ಇರುತ್ತದೆ.

ಯಾರೂ ಕಿವಿಗೊಡಲಿಲ್ಲ. ಕೊನೆಗೆ ಅವನ ಶಿಷ್ಯ ರಿಚರ್ಡ್ ರೈಲಿ ಬಾಲ್ಟಿಮೋರ್‌ನಲ್ಲಿ 1956ರಲ್ಲಿ ಶುರುಮಾಡಿದ ಪ್ರಯೋಗ ಬಾಯಿ ಮುಚ್ಚಿಸಿತು. ಕೆಳಗಡೆ ಕ್ಷಯರೋಗಿಗಳ ಆರು ಕೋಣೆ. ಅವುಗಳ ಗಾಳಿಯನ್ನು ಕೊಳವೆಯಲ್ಲಿ ಮಹಡಿಗೆ ಹಾಯಿಸಿ ಅಲ್ಲಿ 150ಕ್ಕೂ ಹೆಚ್ಚು ಗಿನಿಪಿಗ್ ಇಟ್ಟರು. ಮುಟ್ಟಿಲ್ಲ, ಉಗುಳಿಲ್ಲ, ಬರೀ ಗಾಳಿ. ಎರಡು ವರ್ಷದಲ್ಲಿ 71 ಗಿನಿಪಿಗ್‌ಗಳಿಗೆ ಸೋಂಕು. ಅದೇ ಗಾಳಿಯನ್ನು ಅತಿನೇರಳೆ ದೀಪದ ಕೆಳಗೆ ಹಾಯಿಸಿ ಬಿಟ್ಟಾಗ ಒಂದಕ್ಕೂ ಇಲ್ಲ.

ಇಷ್ಟಾದ ಮೇಲೂ ವೈದ್ಯಲೋಕ ಒಪ್ಪಿದ್ದು "ಸರಿ, ಕ್ಷಯ, ದಡಾರದಂಥ ಒಂದೆರಡಕ್ಕೆ ಮಾತ್ರ" ಅಂತ. ಅದರಲ್ಲೂ ಒಂದು ಲೆಕ್ಕದ ಎಡವಟ್ಟು. ತೇಲುವ ಕಣಕ್ಕೂ ಬೀಳುವ ಹನಿಗೂ ಗಡಿ ಎಲ್ಲಿ ಅಂದರೆ ವೆಲ್ಸ್ ಹೇಳಿದ್ದು ಸುಮಾರು 100 ಮೈಕ್ರಾನ್. ಪಠ್ಯಪುಸ್ತಕಗಳಲ್ಲಿ ಬಂದದ್ದು 5 ಮೈಕ್ರಾನ್! ಶ್ವಾಸಕೋಶದ ಆಳಕ್ಕೆ ಇಳಿದು ಕ್ಷಯ ತರಬಲ್ಲ ಕಣದ ಅಳತೆ ಅದು. ಎರಡೂ ಹೇಗೋ ಕಲಸಿಹೋಗಿ ದಶಕಗಟ್ಟಲೆ ಒಬ್ಬರನ್ನು ನೋಡಿ ಒಬ್ಬರು ಬರೆದರು. ಲಿನ್ಸಿ ಮಾರ್ ಮತ್ತು ಗೆಳೆಯರು ಹಳೆಯ ಕಡತ ಕೆದಕಿ ಇದನ್ನು ಪತ್ತೆ ಹಚ್ಚಿದ್ದು ಕೊರೋನಾ ಕಾಲದಲ್ಲಿ.

2020: ಹಾಲಿನ ಪ್ಯಾಕೆಟ್ಟಿಗೆ ಸೋಪು

ಆ ವರ್ಷ ಯಾರಿಗೆ ಮರೆಯುತ್ತದೆ? ಹಾಲಿನ ಪ್ಯಾಕೆಟ್, ತರಕಾರಿ, ನ್ಯೂಸ್‌ಪೇಪರ್ ಎಲ್ಲವನ್ನೂ ತೊಳೆದೆವು, ಒರೆಸಿದೆವು, ಬಿಸಿಲಿಗಿಟ್ಟೆವು. ತೊಳೆದು ಒಳಗೆ ಬಂದು ಕಿಟಕಿ ಭದ್ರವಾಗಿ ಮುಚ್ಚಿ ಕೂತೆವು. ಚಾಪಿನ್ ಇದ್ದಿದ್ದರೆ ನಮ್ಮ ಬೆನ್ನು ತಟ್ಟುತ್ತಿದ್ದ.

ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಅಂತ ಖಚಿತವಾಗಿ ಸಾರಿತು. ಅದಕ್ಕೂ ಮುಂಚೆ, ಜನವರಿ 24ರಂದು, ಚೀನಾದ ಗ್ವಾಂಗ್‌ಝೌ ಊರಿನ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತ ಮೂರು ಕುಟುಂಬಗಳ ಹತ್ತು ಜನರಿಗೆ ರೋಗ ತಗುಲಿತ್ತು. ಬೇರೆ ಬೇರೆ ಮೇಜು, ಕಿಟಕಿಯಿಲ್ಲದ ಹಾಲು, ಒಂದೇ ಗಾಳಿಯನ್ನು ಸುತ್ತಿಸುತ್ತಿದ್ದ ಏಸಿ. ಜಪಾನಿನವರು ಆಗಲೇ ಮುಚ್ಚಿದ ಜಾಗ, ಗುಂಪು, ಹತ್ತಿರದ ಮಾತುಕತೆ ಈ ಮೂರನ್ನೂ ಬಿಡಿ ಅಂತ ಪ್ರಚಾರ ಶುರುಮಾಡಿದ್ದರು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಬಹಿರಂಗವಾಗಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಹಂತಹಂತವಾಗಿ ಮಾತು ಬದಲಿಸಿತು. 2024ರ ಏಪ್ರಿಲ್‌ನಲ್ಲಿ ಹನಿ-ಕಣ ಅನ್ನುವ ಹಳೆಯ ಗಡಿಯನ್ನೇ ಕೈಬಿಟ್ಟು ಹೊಸ ಪರಿಭಾಷೆ ಪ್ರಕಟಿಸಿತು. 1910ರಿಂದ ಎಣಿಸಿದರೆ 114 ವರ್ಷ! ರಾಮನ ವನವಾಸ ಹದಿನಾಲ್ಕೇ.

ಹಾಗಂತ ಕೈ ತೊಳೆಯೋದು ಬಿಡೋಣವೇ?

ಇದೇ ಅಪಾಯ. ಈಗ ಎಷ್ಟೋ ಜನ "ಎಲ್ಲ ಗಾಳಿಯಿಂದಲೇ ಅಂತೆ, ಕೈ ತೊಳೆದದ್ದೆಲ್ಲ ವೇಸ್ಟು" ಅನ್ನುವುದನ್ನು ಕೇಳಿದ್ದೇನೆ. ಚಾಪಿನ್ ಮಾಡಿದ್ದನ್ನೇ ತಿರುವುಮುರುವು ಮಾಡಿದಂತೆ ಇದು.

ಕರಾಚಿಯ ಬಡ ಬಡಾವಣೆಗಳಲ್ಲಿ ಸ್ಟೀಫನ್ ಲೂಬಿ ಮತ್ತು ತಂಡದವರು ಮನೆಮನೆಗೆ ಸೋಪು ಕೊಟ್ಟು, ಪ್ರತಿ ವಾರ ಬಂದು ಕೈ ತೊಳೆಯುವುದನ್ನು ಹೇಳಿಕೊಟ್ಟರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು. ಭೇದಿಯಷ್ಟೇ ಅಲ್ಲ, ನ್ಯುಮೋನಿಯಾ! ಜಾಹೀರಾತಿನ ರೋಗಾಣುನಾಶಕ ಸೋಪೇ ಬೇಕೆಂದೂ ಇಲ್ಲ, ಸಾದಾ ಸೋಪು ಅಷ್ಟೇ ಕೆಲಸ ಮಾಡಿತ್ತು. ಆದರೆ ಒಂದು ಮಾತು: ಸೋಪು ಪುಕ್ಕಟೆ ಸಿಕ್ಕಿತ್ತು. ಎರಡು ಬಿಂದಿಗೆ ನೀರಿಗೆ ನಲ್ಲಿಯ ಮುಂದೆ ಸಾಲು ನಿಲ್ಲುವವರಿಗೆ "ಇಪ್ಪತ್ತು ಸೆಕೆಂಡ್ ತೊಳೆಯಿರಿ" ಅನ್ನುವುದು ಸುಲಭ, ತೊಳೆಯುವುದು ಕಷ್ಟ.

ಅಡುಗೆಮನೆಯ ಹೊಗೆ

ರೋಗಾಣು ಬಿಡಿ, ಮನೆಯ ಗಾಳಿಯಲ್ಲಿ ಇನ್ನೊಂದು ಇತ್ತಲ್ಲ, ಸೌದೆ ಒಲೆಯ ಹೊಗೆ. ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತಾ ಅಡುಗೆ ಮಾಡಿದವರು ನಮ್ಮ ಅಜ್ಜಿಯರು. ಕರ್ಕ್ ಸ್ಮಿತ್ ಮತ್ತು ಜೊತೆಗಾರರು 1981ರಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಗೇ ಯಂತ್ರ ಕಟ್ಟಿ ಹೊಗೆ ಅಳೆದರು. ಅದು ಹೊರಗಿನ ಗಾಳಿಗೆ ಇದ್ದ ಮಿತಿಗಳನ್ನೆಲ್ಲ ಎಷ್ಟೋ ಪಟ್ಟು ಮೀರಿತ್ತು. ಹೊಗೆ ಶ್ವಾಸಕೋಶದ ಕಾವಲನ್ನು ಕೆಡಿಸಿ ಸೋಂಕಿಗೆ ದಾರಿ ಮಾಡಿಕೊಡುತ್ತದೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನುವ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುಮಾಡಿದರು. ಕುಣಿಗಲ್ ತಾಲೂಕಿನ ಉಂಗ್ರ ಹಳ್ಳಿ ಅವರ ಬಯಲು ಪ್ರಯೋಗಶಾಲೆ. ಅಲ್ಲಿಂದ ಬಂದದ್ದು ಚಿಮಣಿ ಇರುವ, ಮೂರು ಪಾತ್ರೆ ಇಡಬಹುದಾದ 'ಅಸ್ತ್ರ ಒಲೆ'. ಮುಖ್ಯ ಉದ್ದೇಶ ಸೌದೆ ಉಳಿಸುವುದು, ಜೊತೆಗೆ ಹೊಗೆ ಮನೆಯಾಚೆ. ಇಂಥ ಸುಧಾರಿತ ಒಲೆಗಳಿಗೆಂದೇ 1983ರ ಹೊತ್ತಿಗೆ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ 2002ರವರೆಗೆ ನಡೆಯಿತು. ಚಿಮಣಿಯಲ್ಲಿ ಮಸಿ ಕಟ್ಟಿ, ತೆಗೆಯುವವರಿಲ್ಲದೆ, ಮಣ್ಣು ಬಿರುಕುಬಿಟ್ಟು ಎಷ್ಟೋ ಒಲೆಗಳು ಮೂಲೆ ಸೇರಿದವು. 2016ರ ಉಜ್ವಲ ಯೋಜನೆಯಿಂದ ಗ್ಯಾಸ್ ಬಂತು.

ಇಲ್ಲೂ ಒಂದು ಪಾಠ ಇದೆ. ತಮಿಳುನಾಡೂ ಸೇರಿ ನಾಲ್ಕು ದೇಶಗಳಲ್ಲಿ ಸುಮಾರು 3200 ಮನೆಗಳಲ್ಲಿ ಅರ್ಧಕ್ಕೆ ಗ್ಯಾಸ್ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2024ರಲ್ಲಿ ಹೊರಬಂತು. ಹೊಗೆ ಬಹಳ ಕಡಿಮೆ ಆಗಿತ್ತು, ಆದರೆ ಕೂಸುಗಳ ತೀವ್ರ ನ್ಯುಮೋನಿಯಾ ಕಡಿಮೆ ಆಗಲಿಲ್ಲ. ಗ್ಯಾಸ್ ಬೇಡ ಅಂತಲ್ಲ, ತಾಯಂದಿರ ಕಣ್ಣು, ಎದೆ, ಸಮಯ ಇವೂ ಲೆಕ್ಕಕ್ಕೆ ಬರಬೇಕಲ್ಲ. ಆದರೆ ಒಂದೇ ಕೀಲಿಯಿಂದ ಎಲ್ಲ ಬೀಗವೂ ತೆಗೆಯುವುದಿಲ್ಲ.

ತಟ್ಟೆಯ ಮೇಲಿನ ಅನ್ನ

ಕೊನೆಯ ಕೊಂಡಿ ಮಂಗಳೂರಿನದು. ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ತಂಡದವರು ಜಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಹತ್ತು ಸಾವಿರಕ್ಕೂ ಹೆಚ್ಚು ಜನ. 2023ರ ಫಲಿತಾಂಶ: ಮನೆಯವರಿಗೆ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆ, ಶ್ವಾಸಕೋಶದ ಕ್ಷಯ ಶೇ. 48ರಷ್ಟು. ಯಾವ ಹೊಸ ಔಷಧಿಯೂ ಅಲ್ಲ, ಹೊಟ್ಟೆಗೆ ಅನ್ನ! ಪ್ರಪಂಚದ ಕ್ಷಯರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರು ಇರುವ ದೇಶ ನಮ್ಮದು. ಈ ಅಂಕಿಯನ್ನು ನಾವೆಲ್ಲ ಗೋಡೆಯ ಮೇಲೆ ಬರೆದುಕೊಳ್ಳಬೇಕು.

ಮತ್ತೆ, ಕಿಟಕಿ?

ಪೆರು ದೇಶದ ಲಿಮಾ ನಗರದಲ್ಲಿ ಎಂಟು ಆಸ್ಪತ್ರೆಗಳ ಗಾಳಿಯನ್ನು ಅಳೆದು 2007ರಲ್ಲಿ ಬರೆದ ವರದಿ ನನಗೆ ಬಹಳ ಇಷ್ಟ. ಯಂತ್ರ ಹಾಕಿದ ಕೋಣೆಗಳಲ್ಲಿ ಗಂಟೆಗೆ ಸುಮಾರು 12 ಸಲ ಗಾಳಿ ಬದಲಾಗಬೇಕು. ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ 28 ಸಲ. ಐವತ್ತು ವರ್ಷಕ್ಕಿಂತ ಹಳೆಯ, ಎತ್ತರದ ಸೂರು, ದೊಡ್ಡ ಕಿಟಕಿಯ ಕಟ್ಟಡಗಳಲ್ಲಿ 40 ಸಲ. ಹೊಸ ಕಟ್ಟಡಗಳಲ್ಲಿ 17. ನಮ್ಮ ತೊಟ್ಟಿಮನೆ, ಬೆಳಕಿಂಡಿ, ಅಡುಗೆಮನೆಯ ಗವಾಕ್ಷಿ ನೆನಪಾಗುತ್ತವೆ. ಈಗ ಕಟ್ಟುವ ಮನೆಗಳಲ್ಲಿ ಗವಾಕ್ಷಿಗೆ ಜಾಗವೇ ಇಲ್ಲ, ಇರುವ ಕಿಟಕಿಯ ಎದುರು ಮೂರಡಿಗೆ ಪಕ್ಕದ ಮನೆಯ ಗೋಡೆ.

ಹಾಗಾಗಿ ಇಷ್ಟು: ಥಂಡಿಯಾದರೆ ಮಗುವಿಗೆ ಸ್ವೆಟರ್ ಹಾಕಿ, ಎದುರುಬದುರು ಎರಡು ಕಿಟಕಿ ತೆಗೆಯಿರಿ. ಸೊಳ್ಳೆಗೆ ಜಾಲರಿ ಹಾಕಿಸಿ. ಮನೆಯಲ್ಲಿ ಒಬ್ಬರು ಕೆಮ್ಮುತ್ತಿದ್ದರೆ ಅವರಿರುವ ಕೋಣೆಯ ಕಿಟಕಿ ಮುಚ್ಚಲೇಬೇಡಿ, ಅವರಿಗೊಂದು ಮಾಸ್ಕ್ ಕೊಡಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಒಳಗೆ ಬೀಡಿ ಸಿಗರೇಟು ಬೇಡ. ಎರಡು ವಾರ ದಾಟಿದ ಕೆಮ್ಮಿಗೆ ಬಾಟಲಿ ಔಷಧಿ ಕುಡಿಯುತ್ತಾ ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಇವುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಎಸೆಯಬೇಡಿ, ನೂರೈವತ್ತು ವರ್ಷ ದೊಡ್ಡವರು ಮಾಡಿದ್ದು ಅದನ್ನೇ. ಮನೆಕೆಲಸಕ್ಕೆ ಬರುವವರು ಕೆಮ್ಮಿದರೆ ಬಾಗಿಲು ಹಾಕಿಕೊಳ್ಳುವ ಮುಂಚೆ, ಅವರು ಮಲಗುವ ಕೋಣೆಗೆ ಕಿಟಕಿ ಇದೆಯಾ ಅಂತ ಒಮ್ಮೆ ಕೇಳಿ.

ನಿಮ್ಮ ಮನೆಯಲ್ಲಿ ಈ ಜಗಳದಲ್ಲಿ ಗೆಲ್ಲುವವರು ಯಾರು? ಗವಾಕ್ಷಿಗೆ ನಿಮ್ಮ ಕಡೆ ಏನಂತಾರೆ? ತಿಳಿಸಿ, ಕೇಳುವ ಕುತೂಹಲ ಇದೆ.